ಬರ್ಫದ ಲೆಕ್ಕ

ಪುಂಡಲೀಕ ತಾಂಡೇಲ ತೀರಿಕೊಂಡ ರಾತ್ರಿ
ಬೈತಕೋಲಿನ ಅವನ ಕಾರ್ಖಾನೆಯಲ್ಲಿದ್ದದ್ದು
ಇನ್ನೂರ ಹನ್ನೆರಡು ಬರ್ಫದ ಗಡ್ಡೆ.
ಕೋರ್ಟಿನ ಮೊಹರು ನನ್ನ ಕೈಗೆ ಬರುವ ಹೊತ್ತಿಗೆ
ಅವೆಲ್ಲ ಬಂಗಡೆಯ ಮೈಮೇಲೆ ಕೂತು
ಬೆಳಗಾವಿ ದಾರಿಯುದ್ದ ತೊಟ್ಟಿಕ್ಕಿ ಮುಗಿದಿದ್ದವು.
ಆಸ್ತಿಪಟ್ಟಿಯಲ್ಲಿ ಬರೆದೆ:
ಗಡ್ಡೆ, ೨೧೨. ಸದ್ಯ ಇಲ್ಲ.

ನಾನು ಮಂದಾಕಿನಿ ರಾಯ್ಕರ.
ಸಹಕಾರಿ ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ
ಬೇರೆಯವರ ದುಡ್ಡು ಎಣಿಸಿದವಳು.
ಜಡ್ಜರು ಕನ್ನಡಕದ ಮೇಲಿಂದ ನೋಡಿದರು:
ಮೊದಲ ಮನೆಯ ಮಗಳು, ಎರಡನೆ ಮನೆಯ ಮಗ
ಒಂದು ಮಾತಿಗೆ ಬರುವ ತನಕ
ನಡೆಸಿ. ಬೆಳೆಸಬೇಡಿ. ಮುಳುಗಿಸಲೂ ಬೇಡಿ.
ಆರು ತಿಂಗಳಿಗೆ ಪಟ್ಟಿ, ವರ್ಷಕ್ಕೆ ಲೆಕ್ಕ.
ಜಾಮೀನಿಗೆ ಕೋಡಿಬಾಗದ ನನ್ನ ಮನೆಯ ಕಾಗದ ಇಟ್ಟೆ.

ಬಟ್ಟೆಯಂಗಡಿಯಾಗಿದ್ದರೆ ಬೀಗ ಹಾಕಬಹುದಿತ್ತು,
ಸೀರೆ ಮಡಿಕೆಯಲ್ಲೇ ಕಾಯುತ್ತಿತ್ತು.
ಇಲ್ಲಿ ಕಂಪ್ರೆಸರು ನಿಂತರೆ
ಸತ್ತವನ ಸೊತ್ತು
ಸದ್ದಿಲ್ಲದೆ ನೀರಾಗುತ್ತದೆ.
ಅಮೋನಿಯಾ ತರಿಸಲು ಅರ್ಜಿ. ಬೆಲ್ಟು ಹರಿದರೆ ಅರ್ಜಿ.
'ಬಾಯೋರೇ, ಉಸಿರಿಗೂ ಒಂದು ರಸೀದಿ ಇಡಿ'
ಎಂದು ವಕೀಲರು ನಗುತ್ತಾರೆ.
ನಾನು ನಗುವುದಿಲ್ಲ, ಮನೆಯ ಕಾಗದ ಅಲ್ಲಿದೆ.

ಕುರ್ಚಿ ಅವನದು. ನಾನೊಂದು ಸ್ಟೂಲು ತಂದುಕೊಂಡೆ.
ಚಹಾ ನನ್ನ ದುಡ್ಡಿನದು.
ತಮ್ಮನ ಸೊಸೆ ಸೀಮಂತದ ಊಟಕ್ಕೆಂದು
ಒಂದು ಬುಟ್ಟಿ ಪುಡಿಬರ್ಫ ಕೇಳಿದಳು,
ಹದಿನೈದು ರೂಪಾಯಿಗೆ ರಸೀದಿ ಹರಿದೆ.
ಅವಳೀಗ ನಮ್ಮ ಮನೆಗೆ ಬರುವುದಿಲ್ಲ.

ಆಮೇಲೆ ಸಿಕ್ಕಿದ್ದು ಉದ್ರಿ ಪುಸ್ತಕ.
ಹಸಿರು ರಟ್ಟು, ಒದ್ದೆಯಾಗಿ ಒಣಗಿ ಉಬ್ಬಿದ ಹಾಳೆ,
ದೋಣಿಯ ಹೆಸರು, ಗಡ್ಡೆಯ ಸಂಖ್ಯೆ, ಮೊತ್ತ,
ಕೆಲವು ಮೊತ್ತದ ಪಕ್ಕದಲ್ಲಿ
ಪೆನ್ಸಿಲಿನಲ್ಲಿ ಬರೆದ ಒಂದು ಪುಟ್ಟ ಮೀನು.
ಎಣಿಸಿದೆ. ನಲವತ್ತೇಳು.
ಮೆಶೀನಿನ ಇನಾಸ ಎಣ್ಣೆಗೈ ಒರೆಸಿಕೊಳ್ಳುತ್ತ ಹೇಳಿದ:
'ಅವು ಬಿಟ್ಟದ್ದು ಬಾಯೋರೇ.
ಗಂಡ ಹೋದವರದು, ಬಲೆ ಹೋದವರದು.
ಸಾವಕಾರ್ರು ಮೀನು ಬರೆದರೆಂದರೆ ಮತ್ತೆ ಕೇಳುತ್ತಿರಲಿಲ್ಲ.'

ಸಹಿ ಎಲ್ಲಿ? ತಾರೀಕು ಎಲ್ಲಿ?
ಬರಬೇಕಾದ್ದನ್ನು ಬರಿಸಿಕೊಳ್ಳುವುದು ನನ್ನ ಕೆಲಸ.
ಸತ್ತವನ ಸಾಲ ತೀರಿಸಬಹುದು,
ಅವನ ಧಾರಾಳವನ್ನು ಮುಂದುವರಿಸಲು
ನನಗೆ ಅಧಿಕಾರವಿಲ್ಲ.

ನೋಟೀಸು ಹಿಡಿದು ಮುದಗಾಕ್ಕೆ ಹೋದೆ.
ಚಾಪೆಯ ಮೇಲೆ ಸೆಟ್ಲಿ ಒಣಗಿಸುತ್ತಿದ್ದಳು ರುಕ್ಮಾ ಹರಿಕಂತ್ರ.
ಒಂಬತ್ತು ಸಾವಿರದ ನಾನೂರು.
'ಅವ ಇದ್ದಾಗ ಕೇಳ್ಲಿಲ್ಲ' ಅಂದಳು.
'ಅವ ಇಲ್ಲ, ಅದಕ್ಕೇ ಕೇಳುವುದು' ಅಂದೆ.
ಹೇಳಿದ ಮೇಲೆ ನನಗೇ ಆ ಮಾತು
ಯಾರೋ ಆಡಿದ ಹಾಗೆ ಕೇಳಿಸಿತು.
ಅವಳು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.
ಬಂದು ಎರಡು ನೂರರ ನೋಟು ಕೊಟ್ಟಳು, ಉಪ್ಪು ಹತ್ತಿದ್ದು.
ರಸೀದಿ ಕೊಟ್ಟೆ. ಬಸ್ಸಿನಲ್ಲಿ ಕೈ ಮೂಸಿ ನೋಡಿದೆ.
ಉಳಿದ ನಲವತ್ತಾರು ನೋಟೀಸು ಚೀಲದಲ್ಲೇ ಇದ್ದವು.

ಜೂನು ಬಂತು, ದೋಣಿಗಳನ್ನೆಲ್ಲ ಮೇಲೆಳೆದರು,
ಇನಾಸ ತೊಟ್ಟಿಯ ತುಕ್ಕು ಕೆರೆದ.
ನಾನು ಲೆಕ್ಕ ಬರೆದೆ, ಕರೆಂಟು, ಸಂಬಳ, ಬಾಡಿಗೆ,
ಕರಗಿ ನಷ್ಟವಾದದ್ದು ನೂರಕ್ಕೆ ಏಳು.
ಕೊನೆಗೊಂದು ಹಾಳೆ ಸೇರಿಸಿದೆ.
ನಲವತ್ತೇಳು ಮೀನನ್ನು ನನ್ನ ಕೈಯಲ್ಲೇ ಬರೆದು
(ಚಿತ್ರ ಬರುವುದಿಲ್ಲ ನನಗೆ, ಕೆಲವು ಬಾಳೆಕಾಯಿಯಂತಿವೆ)
ಮೇಲೆ ಬರೆದೆ: ಕಾನೂನಿನಲ್ಲಿ ಅರ್ಥವಿಲ್ಲದ ಗುರುತುಗಳು.
ತಿಳಿದದ್ದು ನೌಕರನ ಬಾಯಿಮಾತಿನಿಂದ.
ಬಿಡುವ ಹಕ್ಕು ಇರುವವರ ಗಮನಕ್ಕೆ.

ಕೋರ್ಟಿನಲ್ಲಿ ಮಗಳು ಹಾಳೆ ತಿರುವಿದಳು.
ಒಂದು ಮೀನಿನ ಮೇಲೆ ಬೆರಳಿಟ್ಟು
ಮೊದಲ ಸಲ ತಮ್ಮನ ಕಡೆ ಸರಿಸಿದಳು.
ಅವನು ನೋಡಿದನೋ, ಕಿಟಕಿಯಾಚೆ ನೋಡಿದನೋ,
ನನ್ನ ಜಾಗದಿಂದ ಕಾಣಲಿಲ್ಲ.
ಮುಂದಿನ ತಾರೀಕು ಹದಿನೆಂಟು.

ಹೊರಗೆ ಬಂದರೆ ಇನಾಸನ ಫೋನು:
ಆಗಸ್ಟಿಗೆಂದು ಹಾಕಿದ ಮೊದಲ ಅಚ್ಚು ಗಟ್ಟಿಯಾಗಿದೆ,
ಎತ್ತಲೇ?
ಎತ್ತು, ಅಂದೆ. ಎಣಿಸಿ ಬರೆದಿಡು.